ಪಡ್ಲಾಟು ಎಂಬ ಮಾತು

ಮಡಕಶಿರಾದಲ್ಲಿ ನಮ್ಮ ಬೀದಿಯ ತಿರುವಿಗೆ ಒಂದು ಟೀ ಅಂಗಡಿ ಇದೆ. ರಾಯದುರ್ಗದ ಕಡೆಯಿಂದ ಹಾಕಿಕೊಂಡು ಬರುತ್ತಿರುವ ಹೊಸ ರೈಲು ಮಾರ್ಗದ ಕೆಲಸಗಾರರು ಈಚೆಗೆ ಅಲ್ಲಿ ಬಂದು ಕೂರುತ್ತಾರೆ. ನಿವೃತ್ತಿಯಾದ ಕನ್ನಡ ಟೀಚರು ಗಂಡಸರ ನಡುವೆ ಬೆಂಚಿನ ಮೇಲೆ ಕೂತು ಟೀ ಕುಡಿಯುವುದು ಇಲ್ಲಿ ಯಾರಿಗೂ ಇಷ್ಟವಿಲ್ಲ. ಆದರೂ ನಾನು ಕೂರುತ್ತೇನೆ. ಅವರಲ್ಲಿ ಕೆಲವರು ರಾಯದುರ್ಗದವರು. ಅವರ ‘ಹೌದ್ರಿ’, ‘ಬರ್ರಿ’ ಕಿವಿಗೆ ಬಿದ್ದರೆ ನನಗೆ ತವರಿಗೆ ಹೋಗಿ ಬಂದಷ್ಟು ಸಮಾಧಾನ. ಈಚೆಗೆ ಒಂದು ಬೆಳಿಗ್ಗೆ ಅವರಲ್ಲೊಬ್ಬ ತಾನು ಮೊದಲು ಕೆಲಸ ಮಾಡುತ್ತಿದ್ದ ಸೆಕ್ಷನ್ನಿನ ಕಷ್ಟ ಹೇಳಿಕೊಳ್ಳುತ್ತಿದ್ದ.

“ಅಲ್ಲಿ ಪಡ್ಲಾಟು ಎತ್ತಿ ಎತ್ತಿ ಸಾಕಾಗಿತ್ತು ಬಿಡ್ರಿ.”

ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ಸತ್ತೇಹೋಯಿತು ಅಂದುಕೊಂಡಿದ್ದ ಮಾತು ಹಳಿಯ ಗುಂಟ ನಡೆದುಕೊಂಡು ನಾನಿದ್ದ ಊರಿಗೇ ಬಂದುಬಿಟ್ಟಿತ್ತು. ನನಗೆ ನಗು ತಡೆಯಲಾಗಲಿಲ್ಲ. “ಈಗೇನು ಸಿಗ್ತಾವಪ್ಪ ಲೈನಿನಾಗ? ಛತ್ರಿ, ಚಪ್ಪಲಿ ಈಗ್ಲೂ ಬೀಳ್ತಾವೇನು?” ಎಂದೆ. ಅವನು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದ.

“ಛತ್ರಿ ಅಲ್ರೀ ಅಮ್ಮಾ. ಪಡ್ಲಾಟು ಅಂದ್ರ ಹೆಣ. ಗಾಡಿಗೆ ಸಿಕ್ಕ ಹೆಣ.”

ಲೋಟ ಕೈಯಿಂದ ಜಾರಲಿಲ್ಲ, ಆದರೆ ಬಾಯಿಗೂ ಹೋಗಲಿಲ್ಲ. ಅಂಗಡಿಯ ಗಂಗಮ್ಮ “ಯಾಕ್ ಟೀಚರಮ್ಮ, ಮೈಗುಸಾರಿಲ್ವಾ? ಟೀ ಆರೋಯ್ತು ನೋಡಿ” ಎಂದಳು. ಎದ್ದು ಬಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಮಾತುಗಳು ಅರ್ಥ ಬದಲಿಸುತ್ತವೆ, ಅದು ನನಗೆ ಗೊತ್ತು, ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆದವಳು ನಾನು. ಆದರೆ ಇದು ಬರೀ ಒಂದು ಮಾತಾಗಿರಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅದನ್ನು ನನ್ನ ಮುಖದೆದುರಿಗೇ, ನನಗೇ ಅಂದಿದ್ದರು.

ನಮ್ಮದು ರಾಯದುರ್ಗ ಸ್ಟೇಷನ್ನಿನ ಹಿಂದಿನ ರೈಲ್ವೆ ಸಾಲುಮನೆಗಳಲ್ಲಿ ಕೊನೆಯದು. ಎರಡೇ ಕೋಣೆ. ಒಂದರಲ್ಲಿ ಒಲೆ, ಅಜ್ಜಿ, ಅಜ್ಜಿಯ ಲಿಂಗಪೂಜೆ. ಇನ್ನೊಂದರಲ್ಲಿ ಉಳಿದ ಸಂಸಾರ. ಬೆಟ್ಟದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯಾದ ಕೂಡಲೇ ನಮ್ಮ ಮನೆಯ ಮೇಲೇ ತಂದು ಸುರಿಯುತ್ತಿದ್ದವು. ಅದಕ್ಕೆ ಬೇಸಿಗೆಯಲ್ಲಿ ಎಲ್ಲರ ಬದುಕೂ ಮನೆಯ ಮುಂದಿನ ಕಟ್ಟೆಯ ಮೇಲೆ. ಅಪ್ಪ ಕೀಮನ್. ಅಂದರೆ ಬೆಳಗಾಗುತ್ತಲೇ ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ ಹೊತ್ತು, ಸಡಿಲಾದ ಕೀಲುಗಳನ್ನು ಬಡಿಯುತ್ತ, ಬಳ್ಳಾರಿ ಕಡೆಯ ಲೈನನ್ನು ನಡೆದು ನೋಡಿ ಬರುವವನು. ನಡೆಯುವಾಗ ಬಾಯಿ ಮುಚ್ಚಿಕೊಂಡಿರಬೇಕಾದ ಕೆಲಸವಾದ್ದರಿಂದಲೋ ಏನೋ, ಮನೆಗೆ ಬಂದರೆ ಅವನ ಬಾಯಿಗೆ ಬೀಗವೇ ಇರಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಅವ್ವ “ಮೊದ್ಲ ಉಣ್ರಿ, ಆಮ್ಯಾಲ ಭಾಷಣ ಮಾಡ್ರಿ” ಎನ್ನುತ್ತಿದ್ದಳು. ಅವ್ವನದು ಅಳತೆಯ ಮಾತು. ಇಬ್ಬರ ಪಾಲಿನದನ್ನೂ ಅಪ್ಪನೇ ಆಡಿ ಮುಗಿಸುತ್ತಿದ್ದ.

ಗಾಡಿಯಿಂದ ಬಿದ್ದು ಲೈನಿನಲ್ಲಿ ಸಿಕ್ಕ ಯಾವ ವಸ್ತುವನ್ನೇ ಆಗಲಿ ಹಳಿ ರಿಪೇರಿಯ ಗ್ಯಾಂಗಿನವರು ಪಡ್ಲಾಟು ಎನ್ನುತ್ತಿದ್ದರು. ಬೆಲೆಬಾಳುವಂಥದ್ದನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಅಲ್ಲಿಯವರು ಮೂಗು ಮುರಿದು ‘ಒಯ್ಯಿ ಅತ್ಲಾಗೆ’ ಅಂದದ್ದು ನಮ್ಮ ಮನೆಗೆ ಬರುತ್ತಿತ್ತು. ಹೀಗೆ ನಮ್ಮಲ್ಲಿ ಒಂಟಿ ಚಪ್ಪಲಿಗಳಿದ್ದವು, ಟಿಫಿನ್ ಕ್ಯಾರಿಯರಿನ ನಡುವಿನ ಡಬ್ಬಿಯೊಂದಿತ್ತು, ಹಿಡಿಯಿಲ್ಲದ ಕೊಡೆಯಿತ್ತು. ಅಜ್ಜಿ ಅಕ್ಕಿಯ ಕಲ್ಲು ಆರಿಸಲು ಹಾಕಿಕೊಳ್ಳುತ್ತಿದ್ದ ಕನ್ನಡಕಕ್ಕೆ ಒಂದೇ ಗಾಜು. ಅದು ಯಾವ ಊರಿನ ಯಾರ ಕಣ್ಣಿನದೋ! “ಒಂದ ಕಣ್ಣು ಸಾಕು ಬಿಡು, ಎರಡ ಕಣ್ಣಿದ್ದಾರು ಏನ್ ನೋಡಿ ಉದ್ಧಾರ ಆಗ್ಯಾರ” ಎಂದು ಅಜ್ಜಿ ಅದನ್ನು ಸಮರ್ಥಿಸುತ್ತಿದ್ದಳು.

ಆದರೆ ಪಡ್ಲಾಟು ನೇರ ಮನೆಯೊಳಗೆ ಬರುವಂತಿರಲಿಲ್ಲ. ಅದು ಅಜ್ಜಿಯ ಕಟ್ಟಪ್ಪಣೆ. ಕಳೆದುಕೊಂಡವರ ಹೊಟ್ಟೆಯುರಿ ವಸ್ತುವಿಗೆ ಅಂಟಿಕೊಂಡು ಬಂದಿರುತ್ತದಂತೆ. ಅದಕ್ಕೆ ಮುಂದಿನ ಅಮಾವಾಸ್ಯೆ ಕಳೆಯುವ ತನಕ ಅದು ಹೊರಗೆ, ಕಟ್ಟೆಯ ಮೂಲೆಯಲ್ಲೇ ಇರಬೇಕು. ಆಮೇಲೆ ಅರಿಶಿನದ ನೀರು ಚಿಮುಕಿಸಿ, ವಿಭೂತಿ ಹಚ್ಚಿ ಒಳಗೆ ಕರೆದುಕೊಳ್ಳುವುದು. ಹೌದು, ಒಂಟಿ ಚಪ್ಪಲಿಗೂ ವಿಭೂತಿ! ಸಾಲುಮನೆಯವರೆಲ್ಲ ನಗುತ್ತಿದ್ದರು. ಅಜ್ಜಿ ಸೊಪ್ಪು ಹಾಕುತ್ತಿರಲಿಲ್ಲ. ಅಪ್ಪನ ನಿಯಮ ಬೇರೆ. ಅವ್ವ ಆ ಕೊಡೆಗೆ ಹೊಸ ಹಿಡಿ ಕಟ್ಟಿ, ಹರಿದಲ್ಲಿ ತೇಪೆ ಹಾಕಿ ನನಗೆ ಸ್ಕೂಲಿಗೆ ಕೊಟ್ಟಿದ್ದಳು. ಒಂದು ಮಳೆಗಾಲ ಅದು ನನ್ನದಾಗಿತ್ತು. ಆಮೇಲೆ ಕಣೇಕಲ್ಲಿನ ಒಬ್ಬ ಶೇಂಗಾ ವ್ಯಾಪಾರಿ ಅದನ್ನು ವಿಚಾರಿಸಿಕೊಂಡು ಬಂದ. ಅಪ್ಪ ಮರುಮಾತಾಡದೆ ನನ್ನ ಕೈಯಿಂದ ಇಸಿದುಕೊಂಡು ಅವನಿಗೆ ಕೊಟ್ಟುಬಿಟ್ಟ. ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ.

“ಅಳಬ್ಯಾಡ ತಾಯಿ. ಪಡ್ಲಾಟಿಗೆ ನಾವು ಬರೇ ಕಾವಲುಗಾರ್ರು. ಮಾಲಕ್ರು ಬಂದು ಕೇಳಿದ್ರ ಕೊಡಬೇಕು. ಅದು ಧರ್ಮ.”

ಸಾಲುಮನೆಗಳಿಗೆಲ್ಲ ಇದ್ದದ್ದು ಒಂದೇ ನಲ್ಲಿ. ನೀರು ಬಿಟ್ಟಾಗ ಅಲ್ಲಿ ನಡೆಯುತ್ತಿದ್ದ ಜಗಳಗಳಿಗೆ ಭಾಷಾಭೇದವಿರಲಿಲ್ಲ. ಕನ್ನಡದಲ್ಲಿ ಶುರುವಾದದ್ದು ತೆಲುಗಿನಲ್ಲಿ ಕಾವು ಏರಿ ಉರ್ದುವಿನಲ್ಲಿ ಮುಗಿಯುತ್ತಿತ್ತು. ಪಕ್ಕದ ಮನೆಯ ನರಸಮ್ಮ, ಗ್ಯಾಂಗಿನ ಓಬುಳೇಸನ ಹೆಂಡತಿ, ಅವ್ವನ ಆಪ್ತ ಗೆಳತಿ. ಅಂದರೆ ನಿನ್ನೆ ಸಾರು ಕೊಟ್ಟು ಇಸಿದುಕೊಂಡವರು ಇವತ್ತು ಕೊಡಕ್ಕೆ ಕೊಡ ಬಡಿಯುವಷ್ಟು ಆಪ್ತರು. ನಾಲ್ಕನೇ ಕ್ಲಾಸಿನ ಆ ದಿನ ಬೆಳಿಗ್ಗೆ ಅವ್ವ ಸಾಲು ತಪ್ಪಿಸಿ ನನ್ನ ಬಿಂದಿಗೆಯನ್ನು ಮುಂದೆ ಇಟ್ಟಳು, ಹುಡುಗಿಗೆ ಸ್ಕೂಲಿಗೆ ಹೊತ್ತಾಯಿತು ಎಂದು. ನರಸಮ್ಮನಿಗೆ ಎಲ್ಲಿತ್ತೋ ಸಿಟ್ಟು!

“ಆ ಪಡ್ಲಾಟು ಪಿಲ್ಲನಿ ನೆತ್ತಿನ ಪೆಟ್ಟುಕೋನಿ ಊರೇಗುತಾವೇಮೇ ನುವ್ವು!”

ಆ ಪಡ್ಲಾಟು ಹುಡುಗಿಯನ್ನು ತಲೆ ಮೇಲೆ ಹೊತ್ತು ಮೆರೆಯುತ್ತೀಯೇನೇ ಅಂದಳು. ನಮಗೆಲ್ಲ ತೆಲುಗು ಕನ್ನಡದಷ್ಟೇ ಸಲೀಸು, ಅರ್ಥವಾಗದಿರಲು ಅಲ್ಲಿ ಏನೂ ಇರಲಿಲ್ಲ. ಆದರೂ ನಾನು ಯಾವ ಹುಡುಗಿ ಎಂದು ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಮತ್ತೆ ಮುಂದೆ ತಿರುಗಿದಾಗ ನನ್ನನ್ನೇ ನೋಡುತ್ತಿದ್ದವರೆಲ್ಲ ಒಟ್ಟಿಗೇ ಕಣ್ಣು ತಪ್ಪಿಸಿದರು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಒಂದು ಹನಿ ನೀರಿಗೆ ಜುಟ್ಟು ಹಿಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ಅದಕ್ಕೆ ಕೊಡ ಒಡ್ಡಲಿಲ್ಲ. ನರಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವ ನನ್ನ ಕಡೆ ನೋಡಲೇ ಇಲ್ಲ. ಅರ್ಧ ತುಂಬಿದ ಬಿಂದಿಗೆಯನ್ನೆತ್ತಿಕೊಂಡು ಮನೆಯ ಕಡೆ ನಡೆದುಬಿಟ್ಟಳು.

ನಾನು ಓಡಿ ಅವಳಿಗಿಂತ ಮೊದಲೇ ಮನೆ ಸೇರಿದೆ. ಅಜ್ಜಿ ಮೊರದಲ್ಲಿ ನವಣೆ ಹಸನು ಮಾಡುತ್ತಿದ್ದಳು.

“ಅಜ್ಜಿ, ನಾನು ಪಡ್ಲಾಟೇನು?”

ಅಜ್ಜಿ ಒಂಟಿ ಗಾಜಿನ ಕನ್ನಡಕ ತೆಗೆದು ಕೆಳಗಿಟ್ಟಳು.

“ಯಾವಾಕಿ ಬಾಯಿ ಬಿಟ್ಟಾಕಿ?”

ಅಲ್ಲ ಅನ್ನಬೇಕಿತ್ತು ಅವಳು. ‘ಹುಚ್ಚಿ, ಯಾರ ಅಂದ್ರ’ ಎಂದು ನಕ್ಕು ತಲೆಗೊಂದು ಮೊಟಕಿದ್ದರೆ ನಾನು ನಂಬಿ ಸ್ಕೂಲಿಗೆ ಹೋಗಿಬಿಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಅಜ್ಜಿಯ ಉತ್ತರ. ಅವ್ವ ಬಂದವಳು ಬಿಂದಿಗೆ ಇಳಿಸಿ ಒಲೆಯ ಮುಂದೆ ಕೂತಳು, ಉರಿಯುತ್ತಿದ್ದ ಒಲೆಯನ್ನೇ ಊದತೊಡಗಿದಳು. ಆವತ್ತು ನನ್ನನ್ನು ಯಾರೂ ಸ್ಕೂಲಿಗೆ ಹೋಗು ಅನ್ನಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಸಂಜೆಗೆ ಅಪ್ಪ ಬರುವಷ್ಟರಲ್ಲಿ ಸುದ್ದಿ ಅವನನ್ನು ತಲುಪಿತ್ತು. ಅವನ ಹಿಂದೆ ಓಬುಳೇಸ ತಲೆ ತಗ್ಗಿಸಿಕೊಂಡು ಬಂದ, ಹೆಂಡತಿಯ ಪರವಾಗಿ ತಪ್ಪೊಪ್ಪಲು. ಇಬ್ಬರ ನಡುವೆ ನ್ಯಾಯ ಹೇಳಲು ಗ್ಯಾಂಗಿನ ಮೇಸ್ತ್ರಿ ಖಾಸಿಂ ಸಾಹೇಬರು. ಮೂವರೂ ಕಟ್ಟೆಯ ಮೇಲೆ ಕೂತರು, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವ್ವ ಬಾಗಿಲಿನ ಒಳಗಡೆ ಗೋಡೆಗೆ ಒರಗಿ ನಿಂತಿದ್ದಳು. ನನ್ನದು ಒಂದೇ ಪ್ರಶ್ನೆ, ನಾನು ಯಾರ ಮಗಳು ಎಂದು. ಅವರು ಶುರು ಮಾಡಿದ್ದು ಪಡ್ಲಾಟು ಎಂಬ ಮಾತು ಯಾರದು ಎಂದು.

“ಅದು ಕೆಟ್ಟ ಮಾತಲ್ಲವ್ವ,” ಓಬುಳೇಸ ಸಮಾಧಾನ ಹೇಳಲು ಹೊರಟ. “ನಮ್ಮ ತೆಲುಗಿಂದು. ಪಡ್ಡದಿ. ಅಂದ್ರ ಬಿದ್ದದ್ದು. ಅಷ್ಟ.”

“ಎಲ್ಲಿಂದ ತೆಲುಗು ಅದು?” ಖಾಸಿಂ ಸಾಹೇಬರಿಗೆ ತಡೆಯಲಾಗಲಿಲ್ಲ. “ಪಡಾ ಲಾಟ್. ನಮ್ದು ಮಾತು. ಪಡಾ ಅಂದ್ರ ಬಿದ್ಕೊಂಡಿರೋದು, ವಾರಸ್ದಾರ್ ಇಲ್ದೆ. ಲಾಟ್ ಅಂದ್ರ ಹರಾಜಿಗೆ ಇಡ್ತಾರಲ್ಲ, ಆ ಗುಡ್ಡೆ.”

“ಇಬ್ರಿಗೂ ತಿಳಿದಿಲ್ಲ,” ಎಂದ ಅಪ್ಪ, ತನಗರಿವಿಲ್ಲದೆಯೇ ಹುಮ್ಮಸ್ಸಿಗೆ ಬಂದು. “ಅದು ಇಂಗ್ಲೀಷು. ನಮ್ಮಪ್ಪನ ಕಾಲಕ್ಕ ಒಬ್ಬ ಬಿಳಿ ದೊರಿ ಬಂದಿದ್ನಂತ. ಲೈನಿನಾಗ ಸಿಕ್ಕ ಸಾಮಾನ ನೋಡಿ ‘ಬ್ಯಾಡ್ ಲಾಟ್, ಬ್ಯಾಡ್ ಲಾಟ್’ ಅಂದ್ನಂತ. ಕೆಟ್ಟ ಮಾಲು, ಒಗೀರಿ ಅಂತ. ಗ್ಯಾಂಗಿನಾರ ಬಾಯಾಗ ಅದ ಪಡ್ಲಾಟು ಆತು.”

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಕೇಳಿಸಿತು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ತೆಲುಗಿನಲ್ಲಿ ನಾನು ಬಿದ್ದವಳು, ಉರ್ದುವಿನಲ್ಲಿ ವಾರಸುದಾರರಿಲ್ಲದವಳು, ಇಂಗ್ಲಿಷಿನಲ್ಲಿ ಕೆಟ್ಟ ಮಾಲು. ಮೂವರು ಹಿರಿಯರು ಮೂರು ಭಾಷೆ ಹುಡುಕಿದರು, ಅವರಲ್ಲಿ ಒಬ್ಬರೂ ‘ನೀನು ಲೈನಿನಲ್ಲಿ ಸಿಕ್ಕವಳಲ್ಲ’ ಎನ್ನುವ ವಾಕ್ಯ ಆಡಲಿಲ್ಲ. ಮಾತಿನ ಹುಟ್ಟಿನ ಬಗ್ಗೆ ಅಷ್ಟು ಜೋರಾಗಿ ವಾದ ಮಾಡಿದ್ದು ಹುಡುಗಿಯ ಹುಟ್ಟಿನ ಬಗ್ಗೆ ಮಾತಾಡುವುದನ್ನು ತಪ್ಪಿಸಲು ಎಂಬುದು ಆ ವಯಸ್ಸಿಗೂ ತಿಳಿಯಿತು. ಆಘಾತ ಎನ್ನುವ ಪದವನ್ನು ನಾನು ಆಮೇಲೆ ಕಲಿತೆ. ಆವತ್ತಿನಷ್ಟು ಸರಿಯಾಗಿ ಅದು ಮತ್ತೆಂದೂ ನನಗೆ ಒಪ್ಪಲಿಲ್ಲ.

ಮುಂದೆ ಕನ್ನಡ ಟೀಚರಾದ ಮೇಲೆ ಹಳಗನ್ನಡದ ಪಾಲು ಹಾಲಾದದ್ದು, ಪೂ ಹೂವಾದದ್ದು, ಪಡೆ ಎಂಬುದು ಹಡೆ ಆದದ್ದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಒಮ್ಮೆ ಕೈ ನಿಂತಿತು. ಪಡೆದದ್ದು, ಹಡೆದದ್ದು ಎರಡೂ ಒಂದೇ ಮಾತು! ಹಾಗಾದರೆ ಪಡ್ಲಾಟು ನಮ್ಮ ಕನ್ನಡದ್ದೇ ಏಕಾಗಬಾರದು, ಪಡೆದುಕೊಂಡದ್ದು ಎಂಬ ಅರ್ಥದಲ್ಲಿ? ಮಕ್ಕಳ ಕಡೆ ಬೆನ್ನು ಮಾಡಿ ನಿಂತು ಕಣ್ಣೊರೆಸಿಕೊಂಡೆ. ಆದರೆ ಇದು ನಿಜವಾಗಲಿ ಎಂಬ ಆಸೆ ನನಗೆ ಎಷ್ಟಿದೆ ಎಂದರೆ, ಆ ಕಾರಣಕ್ಕೇ ಇದನ್ನು ನಾನು ನಂಬುವುದಿಲ್ಲ. ವಿಚಾರಿಸಿದ ಪಂಡಿತರೂ ಇದನ್ನು ಒಪ್ಪಲಿಲ್ಲ. ಆ ಮಾತು ಎಲ್ಲಿ ಹುಟ್ಟಿತೋ ಯಾರಿಗೂ ಗೊತ್ತಿಲ್ಲ.

ಆ ಸಂಜೆ ಮೇಸ್ತ್ರಿ, ಓಬುಳೇಸ ಇಬ್ಬರೂ ಏನೋ ನೆಪ ಹೇಳಿ ಎದ್ದು ಹೋದರು. ಆಮೇಲೆ ಅಪ್ಪ ನೆಲ ನೋಡುತ್ತ ಹೇಳಿದ. ಬಳ್ಳಾರಿ ಕಡೆಯ ಲೈನಿನ ಪಕ್ಕದ ಜಾಲಿಗಿಡದ ನೆರಳಿನಲ್ಲಿ, ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟ ಹಾಗೇ ನಾನು ಸಿಕ್ಕೆನಂತೆ. ಗಾಡಿಯಿಂದ ಬಿದ್ದವಳಲ್ಲ, ಯಾರೋ ಇಟ್ಟು ಹೋದವಳು. ಸ್ಟೇಷನ್ನಿಗೆ ಒಯ್ದರೆ ಅಲ್ಲಿಯವರು, ಯಾರಾದರೂ ಕೇಳಿಕೊಂಡು ಬರುವ ತನಕ ಹಾಲು ಕುಡಿಸುವವರು ಯಾರಿದ್ದಾರೆ ಅಂದರಂತೆ. ಅವ್ವ ಹೆತ್ತ ಕೂಸು ಹೋಗಿ ಆಗಿನ್ನೂ ಅವಳ ಎದೆಯ ಹಾಲು ಬತ್ತಿರಲಿಲ್ಲ. ಅಪ್ಪ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಸಂಗತಿಯನ್ನು ಹೇಳಿದ್ದು ಅದೇ ಮೊದಲು. ಅಜ್ಜಿಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಅವಳು ಬಾಗಿಲಲ್ಲಿ ನಿಂತು, ಸೆಟೆದ ದನಿಯಲ್ಲಿ, ನನಗಲ್ಲ ಎದುರಿನ ಬೆಟ್ಟಕ್ಕೆ ಹೇಳುವವಳಂತೆ ಹೇಳಿದಳು.

“ನನ್ನದೂ ಕೇಳಿಬಿಡು. ಅಮಾಸಿ ಕಳಿಯೋತನಕ ನಿನ್ನ ಒಳಗ ಬಿಟ್ಟಕೊಂಡಿರಲಿಲ್ಲ ನಾನು. ಪಡ್ಲಾಟು ಅಂದ್ರ ಪಡ್ಲಾಟ ಅಂದಿದ್ದೆ. ನಿಮ್ಮವ್ವ, ಹಸಿ ಮೈಯಾಕಿ, ನಿನ್ನ ಎದಿಗವಚಿಕೊಂಡು ಅಷ್ಟೂ ದಿನ ಈ ಕಟ್ಟಿ ಮ್ಯಾಲ ಮಲಗಿದ್ಲು. ಒಂದ್ ಮಾತು ಎದುರಾಡಲಿಲ್ಲ.”

ಚಪ್ಪಲಿ, ಕೊಡೆ ಇಡುತ್ತಿದ್ದ ಮೂಲೆ! ನಾನು ನಿತ್ಯ ಕೂತು ಪಾಠ ಓದುತ್ತಿದ್ದ ಕಟ್ಟೆ! ಅಜ್ಜಿಯ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು. ಆ ಸಿಟ್ಟು ಪೂರ್ತಿ ಆರಲು ವರ್ಷಗಳೇ ಬೇಕಾದವು. ಆದರೆ ಅದಕ್ಕಿಂತ ದೊಡ್ಡದೊಂದು ಭಯ ಅಷ್ಟರಲ್ಲಿ ಎದ್ದು ನಿಂತಿತ್ತು. ಕಣೇಕಲ್ಲಿನ ವ್ಯಾಪಾರಿ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದದ್ದು ಕಣ್ಣಿಗೆ ಕಟ್ಟಿತು. ಅಪ್ಪ ಧರ್ಮ ಬಿಡುವವನಲ್ಲ, ಅದು ಊರಿಗೇ ಗೊತ್ತು. ನನಗೆ ಹೆತ್ತವರು ಯಾರೆಂದು ತಿಳಿಯುವುದು ಬೇಕಿರಲಿಲ್ಲ. ಇರುವ ಮನೆಯಲ್ಲಿ ಇರಬಹುದೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು.

“ಅಪ್ಪಾ, ಮಾಲಕ್ರು ಬಂದು ಕೇಳಿದ್ರ ನನ್ನ ಕೊಟ್ಟುಬಿಡ್ತೀಯೇನು?”

ಅಪ್ಪ ತಿರುಗಿ ಅವ್ವನ ಕಡೆ ನೋಡಿದ. ಅವನ ಮುಖದಲ್ಲಿದ್ದದ್ದು ದುಃಖವಲ್ಲ, ನಾಚಿಕೆ. ಅಷ್ಟು ದೊಡ್ಡ ಗಂಡಸು ಸಿಕ್ಕಿಬಿದ್ದವನಂತೆ ಯಾಕೆ ಕೂತಿದ್ದಾನೆ ಎಂದು ನನಗೆ ಅರ್ಥವಾಗಲಿಲ್ಲ. ಅಜ್ಜಿಯೇ ಅಂದಳು:

“ಹೇಳಿಬಿಡು ಇನ್ನ. ಬಂದಿದ್ಲು ಅಂತ ಹೇಳು.”

ಬಂದಿದ್ದಳು! ಬೆಳಗಿನಿಂದ ಒಂದು ಮಾತೂ ಆಡದಿದ್ದ ಅವ್ವ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನನ್ನು ಮುಟ್ಟಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸಾಕ್ಷಿ ಹೇಳುವವಳ ಹಾಗೆ ಹೇಳಿದಳು.

“ನೀ ಆಗ ಅಂಬೆಗಾಲು ಇಡ್ತಿದ್ದಿ. ಮಟಮಟ ಮಧ್ಯಾಹ್ನ. ಲೈನ್ ಗುಂಟ ಒಬ್ಬಾಕಿ ನಡಕೊಂತ ಬಂದ್ಲು. ಸಣ್ಣ ವಯಸ್ಸು, ಕಾಲಾಗ ಏನೂ ಇರಲಿಲ್ಲ. ಇಲ್ಲೇ ಅಂಗಳದಾಗ ನಿಂತು, ‘ಲೈನಿನಾಗ ಏನಾದ್ರೂ ಸಿಕ್ಕಿತ್ತೇನ್ರಿ’ ಅಂದ್ಲು. ಕೂಸು ಅನ್ನಾಕ ಆಕಿಗೆ ಬಾಯಿ ಬರಲಿಲ್ಲ. ‘ಪಡ್ಲಾಟು ಏನೂ ಇಲ್ಲವ್ವ ನಮ್ಮನ್ಯಾಗ’ ಅಂದೆ ನಾನು.”

“ಮತ್ತ?”

“ನೀ ನನ್ನ ಬಗಲಾಗ ಇದ್ದಿ. ನಿನ್ನ ನೋಡಿದ್ಲು. ‘ಇದು?’ ಅಂದ್ಲು. ಕೊಳ್ಳಾಗಿನ ಲಿಂಗ ಮುಟ್ಟಿಕೊಂಡು, ‘ಇದು ನಾ ಹಡದದ್ದು’ ಅಂದೆ. ನಿಮ್ಮಪ್ಪ ಬಾಗಲದಾಗ ನಿಂತು ಕೇಳ್ತಿದ್ರು. ಅವರೂ ಸುಮ್ಮನಾದ್ರು. ಆಕಿ ಹೋದ್ಲು.”

ತೇಪೆ ಹಾಕಿದ ಕೊಡೆಯನ್ನೂ ಉಳಿಸಿಕೊಳ್ಳದ ಮನೆ ಅದು. ಪೂಜೆ ಮುಗಿಯದೆ ಗುಟುಕು ನೀರು ಮುಟ್ಟದ ಅವ್ವ ಲಿಂಗ ಮುಟ್ಟಿ ಸುಳ್ಳು ಹೇಳಿದ್ದಳು. ಧರ್ಮರಾಯನಂಥ ಅಪ್ಪ ಅದನ್ನು ಕೇಳಿಯೂ ಬಾಯಿ ಮುಚ್ಚಿಕೊಂಡಿದ್ದ. ಇಬ್ಬರೂ ಸೇರಿ ಕದ್ದದ್ದು ಬದುಕಿನಲ್ಲಿ ಒಂದೇ ಒಂದು, ಅದು ನಾನು. ಆ ಕ್ಷಣದಲ್ಲಿ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಎದ್ದು ಕುಣಿಯಬೇಕೆನ್ನಿಸಿತ್ತು. ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದವಳ ಬಗ್ಗೆ ನಾನು ಯೋಚಿಸಲೇ ಇಲ್ಲ. ಬೇಕಿದ್ದದ್ದು ಇನ್ನೊಂದು ಭರವಸೆ, ಅದನ್ನೇ ಕೇಳಿದೆ.

“ಆಕಿ ಮತ್ತ ಬಂದ್ರ?”

“ಬರ್ಲಿ. ಕುಂದ್ರಿಸಿ ಹೊಟ್ಟಿ ತುಂಬ ಉಣ್ಣಾಕ ಹಾಕ್ತೀನಿ. ನಿನ್ನ ಮಾತ್ರ ಕೊಡಾಂಗಿಲ್ಲ.”

ನಾನು ಅವಳ ತೋಳಿಗೆ ಒರಗಿದೆ. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಮುಗಿಯಿತು ಅಂದುಕೊಂಡೆ. ಆದರೆ ಅವಳು, ನನಗೂ ಅಲ್ಲ, ಅಪ್ಪನಿಗೂ ಅಲ್ಲ ಎಂಬಂತೆ, ಲೈನಿನ ಕಡೆ ನೋಡುತ್ತ ಅಂದಳು:

“ಎಂಥಾ ಬಿಸಲು ಅವತ್ತು. ಇನ್ನೊಂದ್ ಗಳಿಗಿ ನಿಂತ್ರ ಎಲ್ಲಿ ಕೂಸಿನ ಮಖದಾಗ ತನ್ನ ಮಖ ಗುರುತು ಹಿಡೀತಾಳೋ ಅಂತ, ಕುಡಿಯಾಕ ನೀರ ಬೇಕೇನವ್ವ ಅಂತ ಸೈತ ಕೇಳಲಿಲ್ಲ ನಾನು.”